ದಫೇದಾರ ಸ್ವೇಲಿಮ್ ಕುಡೀದೆ ಇಟ್ಟ ಕಾಫಿ

ಹಾಯೆಲ್ ಕಾಫಿ ಅಂಗಡೀಲಿ ಬೆಕ್ಕಿಗೂ ಒಂದು ಕುರ್ಚಿ ಇತ್ತು. ಒಕ್ಕಣ್ಣಿನ ಬೆಕ್ಕು. ಡಾಮಿನೊ ಆಡೋವಾಗ ಪಕ್ಕದಲ್ಲೇ ಕೂತಿರೋದು, ಯಾವನು ಮೋಸ ಮಾಡ್ತಾನೋ ಅವನ ಕೈ ಪರಚೋದು. ನನ್ನ ಎಡಗೈ ನೋಡಿ, ಇನ್ನೂ ಗುರುತಿದೆ. ಬಲಗೈ ಕೇಳ್ಬೇಡಿ. ಅಂಥ ಬೆಕ್ಕಿಗೆ ಸಿಕ್ಕಿದ ಮರ್ಯಾದೆ ನಮ್ಮ ದಫೇದಾರ ಸ್ವೇಲಿಮ್‌ಗೆ ಆ ಅಂಗಡೀಲಿ ಒಂದು ದಿನಾನೂ ಸಿಗಲಿಲ್ಲ.

ಕಾಫಿ ಮಾತ್ರ ಏನು ಕಾಫಿ ಅಂತೀರಿ! ಒಂದ್ಸಲ ಹಾಯೆಲ್ ಹೊರಗೆ ಚೆಲ್ಲಿದ ಗಸೀನ ಒಂದು ಕತ್ತೆ ನೆಕ್ಕಿಬಿಡ್ತು. ಮೂರು ದಿನ ಕಣ್ಣು ಮುಚ್ಚದೆ ಅಕಬಾವರೆಗೂ ನಡೆದು, ಸಮುದ್ರ ನೋಡಿ, ಇಷ್ಟೇನಾ ಅಂತ ವಾಪಸ್ ಬಂತು. ಕತ್ತೆ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ಸ್ವೇಲಿಮ್ ಅಪ್ಪ ಉಪ್ಪಿನ ಸಮುದ್ರದಿಂದ ಕತ್ತೆ ಮೇಲೆ ಉಪ್ಪು ಹೇರ್ಕೊಂಡು ನಮ್ಮ ಗುಡ್ಡಕ್ಕೆ ಏರಿ ಬರ್ತಿದ್ದ. ಬೆವರಿದ್ರೂ ಉಪ್ಪು, ಅತ್ತರೂ ಉಪ್ಪು. ಅವನ ಬೆನ್ನು ಮುಟ್ಟಿ ಬೆರಳು ನೆಕ್ಕಿದ್ರೆ ಆ ಉಪ್ಪಲ್ಲೇ ಒಂದು ಮೊಟ್ಟೆ ತಿನ್ನಬಹುದಿತ್ತು. ಒಳ್ಳೆ ಮನುಷ್ಯ. ಅವನ ಮಗನ್ನ ಸೈನ್ಯದೋರು ಪಾದ ಚಪ್ಪಟೆ ಅಂತ ವಾಪಸ್ ಕಳಿಸಿದ್ರು. ಪೊಲೀಸಿನೋರು ಪಾದ ನೋಡ್ಲಿಲ್ಲ, ತಗೊಂಡ್ರು.

ಹತ್ತು ವರ್ಷ ಎಲ್ಲೆಲ್ಲೋ ಕೆಲಸ ಮಾಡಿದ. ಆಮೇಲೆ ತಾನೇ ಅರ್ಜಿ ಹಾಕಿ, ಕೈಕಾಲು ಹಿಡಿದು, ನಮ್ಮೂರ ಠಾಣೆಗೇ ಹಾಕಿಸ್ಕೊಂಡ. ಅದೇ ಅವನು ಮಾಡಿದ ತಪ್ಪು. ಊರೋನೇ ಪೊಲೀಸಾದ್ರೆ ಊರಿಗೆ ಒಳ್ಳೇದು ಅಂತ ಅವನ ಲೆಕ್ಕ. ಊರಿನ ಲೆಕ್ಕ ಬೇರೆ. ಬೇರೆ ಊರಿನ ಪೊಲೀಸಿಗೆ ನಿನ್ನ ಹೆಸರಷ್ಟೇ ಗೊತ್ತಿರುತ್ತೆ. ಊರಿನ ಪೊಲೀಸಿಗೆ ನಿನ್ನ ಮನೆ ಹಿಂದಿನ ಗುಹೆ ಗೊತ್ತು, ನಿನ್ನ ಸೋದರಮಾವ ಯಾರ ಮೇಲೆ ಮುನಿಸ್ಕೊಂಡಿದಾನೆ ಗೊತ್ತು, ನಿನ್ನಜ್ಜಿ ಕೋವಿ ಎಲ್ಲಿ ಬಚ್ಚಿಟ್ಟಿದ್ಲು ಅಂತಾನೂ ಗೊತ್ತು.

ಆಮೇಲೆ ರೊಟ್ಟಿ ಬೆಲೆ ಏರಿದ ವರ್ಷ ಬಂತು. ಜನ ಬೀದಿಗಿಳಿದು ಕೂಗಾಡಿದ್ರು. ನಾನೂ ಕೂಗಿದೆ. ನನ್ನ ಗಂಟಲಿಗೆ ಬಜಾರಿನ ಮೂರು ಗಾಜು ಒಡೆದು ಹೋದ್ವು, ಕಲ್ಲು ಹೊಡೆದ್ರು ಅನ್ನೋದು ಸುಳ್ಳು. ಮಾರನೇ ದಿನ ಮಧ್ಯಾಹ್ನ ಪೊಲೀಸ್ ಜೀಪು ಹಾಯೆಲ್ ಅಂಗಡಿ ಮುಂದೆ ನಿಂತು ನಾಲ್ಕು ಜನರನ್ನ ಎಳ್ಕೊಂಡು ಹೋಯ್ತು. ಅದ್ರಲ್ಲಿ ಒಬ್ಬ ಹಾಯೆಲ್ ತಮ್ಮ ಸಲಾಮೆ. ನಲವತ್ತು ದಿನ ಆದ್ಮೇಲೆ ಬಂದ. ಎಡಗಿವಿ ಇವತ್ತಿಗೂ ಕೇಳ್ಸಲ್ಲ.

ಹೆಸರು ಕೊಟ್ಟೋರು ಯಾರು? ಹಿಂದಿನ ದಿನ ಸ್ವೇಲಿಮ್ ಅಂಗಡೀಲಿ ಕೂತು ಕಾಫಿ ಕುಡಿದಿದ್ದ, ಎಲ್ಲರ ಮಾತೂ ಕೇಳಿದ್ದ. ನಾನಲ್ಲ ಅಂತ ಆಣೆ ಮಾಡಿದ. ಹೌದೋ ಅಲ್ವೋ ದೇವರಿಗೇ ಗೊತ್ತು. ಆದ್ರೆ ನಾಲ್ಕು ಜನರನ್ನ ಹತ್ತಿಸೋವಾಗ ಖಾಕಿ ಹಾಕ್ಕೊಂಡು ಜೀಪಿನ ಬಾಗಿಲು ಹಿಡಿದಿದ್ದೋನು ಅವನೇ. ಅದನ್ನ ಬೆಕ್ಕೂ ನೋಡಿದೆ.

ಅವತ್ತಿಂದ ಹದಿನೈದು ವರ್ಷ ಅವನು ದಿನಾ ಬಂದ. ಒಳಗೆ ಕಾಲಿಟ್ಟ ತಕ್ಷಣ ಮಾತು ನಿಲ್ಲೋದು. ಆಮೇಲೆ ಫುರೈಹ್, ನಮ್ಮಲ್ಲಿ ದೊಡ್ಡ ಬಾಯಿ ಅವನ್ದು, ಗಂಟಲು ಸರಿ ಮಾಡ್ಕೊಂಡು ಆಡಿನ ಕಾಲುಬೇನೆ ವಿಷಯ ತೆಗೆಯೋನು.

"ಬನ್ನಿ ದಫೇದಾರ್ರೇ, ಬನ್ನಿ! ನಮ್ಮ ಆಡಿನ ಗೊರಸಲ್ಲಿ ಕೀವು ತುಂಬಿದೆ. ಬರ್ಕೊಳ್ಳಿ ಬೇಕಾದ್ರೆ. ಆಡಿನ ಹೆಸರು, ಅದರಪ್ಪನ ಹೆಸರು ಹೇಳ್ಲಾ?"

ಸ್ವೇಲಿಮ್ ಬಾಗಿಲ ಪಕ್ಕ ಕೂರ್ತಿದ್ದ. ಹಾಯೆಲ್ ಎಲ್ಲರಿಗಿಂತ ಮೊದಲು ಅವನಿಗೇ ಬಟ್ಟಲು ತಂದಿಡೋನು. ಕಾಸು ಕೊಟ್ರೆ ತಗೊಳ್ತಿರಲಿಲ್ಲ. "ಪೊಲೀಸಿನೋರಿಗೆ ಪುಕ್ಕಟೆ. ಎಲ್ಲಾ ಊರಲ್ಲೂ ಹಂಗೇ ಅಲ್ವಾ?" ಅನ್ನೋನು, ಎಲ್ಲರಿಗೂ ಕೇಳೋ ಹಂಗೆ. ಮೇಜಿನ ಮೇಲೆ ಬಿಟ್ಟು ಹೋದ್ರೆ ಅವನು ಬೀದಿ ದಾಟೋದ್ರೊಳಗೇ ಆ ಕಾಸು ಮೊದಲು ಕಂಡ ಭಿಕ್ಷುಕನ ಕೈಗೆ. ಒಬ್ಬ ಭಿಕ್ಷುಕ ಅದರಲ್ಲೇ ಮದುವೆ ಆದ ಅಂತಾರೆ, ನಾನೂ ಆ ಮದುವೆ ಊಟಕ್ಕೆ ಹೋಗಿದ್ದೆ.

ನಾನೇ ಒಂದ್ಸಲ ಕೇಳ್ದೆ. "ಏನಯ್ಯಾ, ಮನೇಲಿ ಒಲೆ ಇಲ್ವಾ? ಉಗಿಸ್ಕೊಳ್ಳೋಕೆ ಇಷ್ಟು ದೂರ ಬರ್ತೀಯಲ್ಲ."

"ನಮ್ಮಪ್ಪ ಆ ಮೂಲೇಲಿ ಕೂರ್ತಿದ್ದ" ಅಂದ.

"ನಿಮ್ಮಪ್ಪ ಉಪ್ಪು ತರ್ತಿದ್ದ. ನೀನು ಜೀಪು ತರ್ತೀಯ" ಅಂದೆ. ಎದ್ದು ಹೋದ. ಮಾರನೇ ದಿನ ಮತ್ತೆ ಬಂದ. ನಿವೃತ್ತಿ ಆದ್ಮೇಲೂ ಬಂದ, ಖಾಕಿ ಇಲ್ಲ, ಮೀಸೆ ಮಾತ್ರ. ಮೀಸೆಗೂ ನಾವು ಮಾತು ನಿಲ್ಲಿಸಿದ್ವಿ.

ಇನ್ನು ಅವನ ಮಗ ರಾಕಾನ್. ತಫೀಲಾ ಊರಲ್ಲಿ ಶಾಲಾ ಮೇಷ್ಟ್ರು, ಲೆಕ್ಕ ಹೇಳ್ಕೊಡ್ತಾನೆ. ಬಂಗಾರದಂಥ ಹುಡುಗ, ಅಪ್ಪನ ಮೂಗು ಬಿಟ್ರೆ ಏನೂ ದೋಷ ಇಲ್ಲ. ಅವನಿಗೆ ಅದೇ ಊರಿನ ಹಾಜಿ ಅತಾಲ್ಲಾನ ಮಗಳು ನೌಫಾ ಮೇಲೆ ಮನಸ್ಸಾಯ್ತು. ಹುಡುಗೀಗೂ ಒಪ್ಪಿಗೆ. ಆದ್ರೆ ನಮ್ಮಲ್ಲಿ ಹೆಣ್ಣು ಕೇಳೋಕೆ ಅಪ್ಪ ಒಬ್ಬನೇ ಹೋಗೋ ಹಂಗಿಲ್ಲ. ಊರ ಹಿರಿಯರು ದಂಡು ಕಟ್ಟಿ ಹೋಗ್ಬೇಕು, ಅವರಲ್ಲೊಬ್ಬ ಮುಂದೆ ಕೂತು ಕೇಳ್ಬೇಕು. ಹೆಣ್ಣಿನೋರು ಹುಡುಗನ ಮುಖ ನೋಡಲ್ಲ, ಹಿಂದೆ ಬಂದ ಗಡ್ಡ ಎಣಿಸ್ತಾರೆ. ಹಾಜಿ ಹೇಳಿ ಕಳಿಸಿದ್ದ: "ಖಾಕಿಯೋರ್ನ ಕರ್ಕೊಂಡು ಬಂದ್ರೆ ನಾನು ಎಣಿಸಲ್ಲ. ಊರೋರು ಬರ್ಲಿ. ಊರಿಗೇ ಬೇಡದ ಮನೆಗೆ ಮಗಳನ್ನ ಕೊಡಲ್ಲ."

ಸ್ವೇಲಿಮ್ ಮನೆ ಮನೆಗೆ ಹೋದ. ಒಬ್ಬನಿಗೆ ಸೊಂಟ ಹಿಡ್ಕೊಂಡಿತ್ತು. ಇನ್ನೊಬ್ಬನ ಅಜ್ಜಿ ಅದೇ ದಿನ ಸಾಯೋಳಿದ್ಲು, ಆಕೆ ಅದಕ್ಕೆ ಮುಂಚೆ ಎರಡು ಸಲ ಸತ್ತಿದ್ಲು. ಫುರೈಹ್ ಬಾಗಿಲೇ ತೆಗೀಲಿಲ್ಲ, ಒಳಗಿಂದ "ಫುರೈಹ್ ಮನೇಲಿಲ್ಲ" ಅಂತ ಫುರೈಹ್ ದನೀಲೇ ಕೂಗಿದ. ನನ್ನ ಹತ್ರಾನೂ ಬಂದ. ನನ್ನ ಆಲಿವ್ ಮರಕ್ಕೆ ಜ್ವರ ಬಂದಿದೆ, ಬಿಟ್ಟು ಬರೋ ಹಂಗಿಲ್ಲ ಅಂದೆ. ಮರ ನೋಡಿದ, ನನ್ನ ನೋಡಿದ. "ಹುಷಾರಾಗ್ಲಿ" ಅಂದು ಹೋದ.

ಆ ಶುಕ್ರವಾರ ನಮಾಜು ಮುಗಿದು ಅಂಗಡಿ ತುಂಬಿ ತುಳುಕ್ತಿತ್ತು. ಸ್ವೇಲಿಮ್ ಬಂದ. ಬಾಗಿಲ ಹತ್ರ ಕೂರ್ಲಿಲ್ಲ. ನೆಟ್ಟಗೆ ಅಂಗಡಿ ನಡುವೆ, ನಮ್ಮ ಮೇಜುಗಳ ಮಧ್ಯೆ, ಕುರ್ಚಿ ಎಳ್ಕೊಂಡು ಕೂತ. ಮಾತು ನಿಂತಿತು. ಹಾಯೆಲ್ ಎಂದಿನ ಹಂಗೆ ಬಟ್ಟಲು ತಂದು ಕುಕ್ಕಿದ.

ಸ್ವೇಲಿಮ್ ಅದನ್ನ ಮುಟ್ಟಿ, ಸ್ವಲ್ಪ ಮುಂದಕ್ಕೆ ತಳ್ಳಿ, ಕೈ ಕಟ್ಟಿ ಕೂತ. ಕುಡೀಲಿಲ್ಲ.

ನಮ್ಮಲ್ಲಿ ಅತಿಥಿ ಕಾಫಿ ಕುಡೀದೆ ಇಟ್ಟ ಅಂದ್ರೆ ಅವನದೊಂದು ಬೇಡಿಕೆ ಇದೆ ಅಂತ. ಮನೆಯವನು "ಕುಡಿ, ಕೇಳಿದ್ದು ಕೊಟ್ಟೆ" ಅನ್ನೋವರೆಗೂ ಅವನು ತುಟಿಗೆ ಮುಟ್ಟಿಸಲ್ಲ. ಅತಿಥಿ ಕಾಫಿ ತಣ್ಣಗಾದ್ರೆ ಆ ಮನೆ ಮರ್ಯಾದೆ ತಣ್ಣಗಾಯ್ತು. ನನ್ನ ಮುತ್ತಜ್ಜ ಒಬ್ಬ ಅತಿಥಿಗೆ ಹಂಗೇ ಒಂದು ಬಾವಿ, ಎರಡು ಕುದುರೆ, ಒಂದು ಗುಡ್ಡ ಕೊಟ್ಟುಬಿಟ್ಟ. ಇಲ್ದೇ ಇದ್ರೆ ನಮ್ಮನೆಯೋರೆಲ್ಲ ಇವತ್ತು ಸಾಹುಕಾರರು.

"ಇದೇನ್ರೀ ನಾಟಕ, ದಫೇದಾರ್ರೇ?" ಅಂದ ಫುರೈಹ್. "ಕಾಫೀಲಿ ನೊಣ ಬಿದ್ದಿದ್ಯಾ? ಅದನ್ನೂ ಒಳಗೆ ಹಾಕ್ತೀರಾ?"

ಹಾಯೆಲ್ ಮುಖ ಕೆಂಪಗಾಯ್ತು. "ಎತ್ತೋ ಬಟ್ಟಲು. ಇದು ನಮ್ಮ ಮನೆ ಅಲ್ಲ, ಅಂಗಡಿ. ಇಲ್ಲಿ ಕಾಸು ಕೊಡ್ತಾರೆ, ಕುಡೀತಾರೆ, ಹೋಗ್ತಾರೆ. ಇಲ್ಲಿ ಯಾವನೂ ಅತಿಥಿ ಅಲ್ಲ."

"ಕಾಸು ಕೊಡೋನು ಗಿರಾಕಿ. ಒಪ್ಪಿದೆ" ಅಂದ ಸ್ವೇಲಿಮ್. "ಹದಿನೈದು ವರ್ಷದಲ್ಲಿ ನನ್ನ ಕೈಯಿಂದ ಒಂದು ಬಿಲ್ಲೆ ತಗೊಂಡಿದೀಯಾ ಹಾಯೆಲ್? ಪುಕ್ಕಟೆ ಕುಡಿಸಿದೀಯ. ಪುಕ್ಕಟೆ ಕುಡಿಯೋನನ್ನ ಏನಂತಾರೆ ಹೇಳು."

"ತಿರುಪೆಯೋನು ಅಂತಾರೆ!" ಅಂದ ಫುರೈಹ್. ಒಬ್ಬನೂ ನಗಲಿಲ್ಲ. ಯಾಕಂದ್ರೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಹದಿನೈದು ವರ್ಷ ಅವಮಾನ ಮಾಡ್ತಿದೀವಿ ಅಂದ್ಕೊಂಡು ನಾವು ಅತಿಥಿ ಸತ್ಕಾರ ಮಾಡಿದ್ವಿ. ಇಂಥ ಪೆದ್ದುತನ ನಮ್ಮೂರೋರು ಬಿಟ್ರೆ ಬೇರೆ ಯಾರೂ ಮಾಡಲ್ಲ.

ಕಾಫಿ ಹಬೆ ಸಣ್ಣಗಾಗ್ತಾ ಬಂತು. ಹಾಯೆಲ್ ಅದನ್ನೇ ನೋಡ್ತಿದ್ದ. ಆಮೇಲೆ ಹಲ್ಲು ಕಚ್ಚಿ, "ಏನು ಬೇಕು ನಿಂಗೆ?" ಅಂದ.

"ತಫೀಲಾಗೆ ನೀನು ಮುಂದಾಳಾಗಿ ಬರ್ಬೇಕು. ಇವರೂ ಬರ್ಬೇಕು. ನನ್ನ ಮಗನಿಗೆ ಹೆಣ್ಣು ಕೇಳ್ಬೇಕು."

ಮೂಲೇಲಿದ್ದ ಸಲಾಮೆಗೆ ಕೇಳಿಸ್ಲಿಲ್ಲ. "ಏನಂತಾನೆ ಅವನು?" ಅಂದ. ನಾನು ಹೋಗಿ ಬಲಗಿವೀಲಿ ಕೂಗಿ ಹೇಳ್ದೆ. ಸಲಾಮೆ ಕೋಲು ಊರ್ಕೊಂಡು ಎದ್ದು ಬಂದು ಸ್ವೇಲಿಮ್ ಎದುರು ನಿಂತ.

"ಹೆಸರು ಹೇಳಿದ್ದು ನೀನೇನೋ?"

"ನಾನಲ್ಲ. ಬಾಗಿಲು ಹಿಡಿದಿದ್ದು ನಾನು."

"ಬಾಗಿಲು ನಂಗೂ ಗೊತ್ತು ಬಿಡು. ಹೋಗಿದ್ದು ಕಿವಿ, ಕಣ್ಣು ಚೆನ್ನಾಗೇ ಇದೆ. ಯಾಕೆ ಹಿಡಿದೆ?"

"ಹಿಡಿ ಅಂದ್ರು. ಹಿಡಿದೆ."

 ಸಲಾಮೆ ನಂಬಿದ್ನೋ ಇಲ್ವೋ ಹೇಳೋಕಾಗಲ್ಲ, ಮುಖದಲ್ಲಿ ಏನೂ ಕಾಣ್ಲಿಲ್ಲ. ಆಮೇಲೆ ಅಣ್ಣನ ಕಡೆ ತಿರುಗಿ, "ಹೋಗ್ ಬಾ. ಹುಡುಗ ಏನು ಮಾಡಿದಾನೆ ಪಾಪ. ಆದ್ರೆ ಇವನ ಹೆಸರಲ್ಲಿ ಒಂದು ಸುಳ್ಳೂ ಹೇಳ್ಬೇಡ" ಅಂದ.

ಹಾಯೆಲ್ ಬೆರಳು ತೋರಿಸಿದ. "ಕುಡಿ. ಬರ್ತೀವಿ. ಆದ್ರೆ ನಿನ್ನ ಹೊಗಳೋದು ನನ್ನ ಬಾಯಲ್ಲಿ ಬರಲ್ಲ."

ಸ್ವೇಲಿಮ್ ಒಂದೇ ಗುಟುಕಿಗೆ ಕುಡಿದ.

ಇಪ್ಪತ್ತೆರಡು ಜನ ಹೋದ್ವಿ. ನನ್ನ ಮರದ ಜ್ವರ ಬಿಟ್ಟಿತ್ತು. ಹಾಜಿ ಅತಾಲ್ಲಾನ ಹಜಾರ ಎಷ್ಟು ಉದ್ದ ಅಂದ್ರೆ ಆ ಕಡೆ ಕೂತೋರಿಗೆ ಮುಸ್ಸಂಜೆ, ಈ ಕಡೆಯೋರಿಗೆ ಇನ್ನೂ ಮಧ್ಯಾಹ್ನ. ಹಾಜಿ ಒಬ್ಬೊಬ್ಬರ ಗಡ್ಡಾನೂ ಎಣಿಸಿದ. ಕಾಫಿ ಬಂತು. ಹಾಯೆಲ್ ಬಟ್ಟಲು ಕೆಳಗಿಟ್ಟು, ದೇವರನ್ನ ನೆನೆದು, ಮಾತು ಶುರು ಮಾಡಿದ. ಹುಡುಗನ ವಿದ್ಯೆ ಹೊಗಳಿದ. ಉಪ್ಪಿನ ತಾತನ್ನ ಹೊಗಳಿದ. ಹುಡುಗನ ತಾಯಿ ಸುಡೋ ರೊಟ್ಟಿ ಹೊಗಳಿದ. ಕೊನೆಗೆ ಉಪ್ಪು ಹೊರ್ತಿದ್ದ ಕತ್ತೆ ಬಗ್ಗೆಯೂ ಎರಡು ಒಳ್ಳೆ ಮಾತಾಡಿದ. ಅಪ್ಪನ ಹೆಸರು ಬರ್ಲೇ ಇಲ್ಲ.

ಹಾಜಿ ದಡ್ಡ ಅಲ್ಲ. "ಎಲ್ಲಾ ಸರಿ. ಅಪ್ಪನ ಬಗ್ಗೆ ಏನೂ ಹೇಳ್ಲಿಲ್ವಲ್ಲ?" ಅಂದ.

ಸ್ವೇಲಿಮ್ ತಲೆ ಎತ್ತಲಿಲ್ಲ. ರಾಕಾನ್ ನನ್ನ ಪಕ್ಕದಲ್ಲೇ ಕೂತು ಹಾಯೆಲ್ ಬಾಯಿ ನೋಡ್ತಿದ್ದ. ಹಾಯೆಲ್ "ಒಳ್ಳೆಯೋನು" ಅಂತ ಒಂದು ಮಾತು ಅಂದಿದ್ರೆ ಮುಗಿದೇ ಹೋಗೋದು.

"ಹಾಜಿ" ಅಂದ ಹಾಯೆಲ್, "ನಿಮ್ಮ ಕಾಫಿ ಮುಂದಿಟ್ಕೊಂಡು ಸುಳ್ಳಾಡಲ್ಲ. ಈ ಮಗನಿಗೆ ನಂಗೊಬ್ಳು ಮಗಳಿದ್ದಿದ್ರೆ ಕಣ್ಣು ಮುಚ್ಚಿ ಕೊಡ್ತಿದ್ದೆ. ಈ ಅಪ್ಪನಿಗೆ ನನ್ನ ಅಂಗಡೀಲಿ ಒಂದು ಕುರ್ಚೀನೂ ಮನಸಾರೆ ಕೊಟ್ಟಿಲ್ಲ. ಇವನು ಬಂದ್ರೆ ನಮ್ಮ ಮಾತು ನಿಲ್ಲುತ್ತೆ."

"ಹೌದೇನಯ್ಯಾ?" ಹಾಜಿ ಸ್ವೇಲಿಮ್‌ನ ಕೇಳಿದ.

"ಹೌದು ಹಾಜಿ. ನಿಲ್ಲುತ್ತೆ."

ಹಾಜಿ ಗಡ್ಡ ಸವರ್ಕೊಂಡ. "ನಿಜ ಹೇಳೋಕೆ ಇಷ್ಟು ಜನ ಇಷ್ಟು ದೂರ ಬಂದಿದೀರಿ. ಸಂತೋಷ. ಹುಡುಗಿ ಕೊಟ್ಟೆ. ಆದ್ರೆ ಹುಡುಗ ಇಲ್ಲೇ ಇರ್ಲಿ. ಅವನ ಮಕ್ಕಳು ನಿಮ್ಮೂರಲ್ಲಿ ದಫೇದಾರನ ಮೊಮ್ಮಕ್ಕಳಾಗಿ ಬೆಳೀಬಾರದು. ನಮ್ಮೂರ ಅಂಗಡೀಲಿ, ಮಾತು ನಿಲ್ದಿರೋ ಕಡೆ ಕೂತು ಬೆಳೀಲಿ. ಅಜ್ಜ ಹಬ್ಬಕ್ಕೆ ಬಂದು ನೋಡ್ಕೊಂಡು ಹೋಗ್ಲಿ. ಒಪ್ಪಿಗೇನಾ?"

ಸ್ವೇಲಿಮ್ ಆಗ ತಲೆ ಎತ್ತಿದ. ಹಾಜಿನ ನೋಡ್ಲಿಲ್ಲ, ನಮ್ಮನ್ನ ನೋಡಿದ. ಇಪ್ಪತ್ತೆರಡು ಮುಖಾನೂ ಒಂದೊಂದಾಗಿ ನೋಡ್ಕೊಂಡು ಬಂದ. ಒಬ್ಬ ಸಾಕಿತ್ತು, "ಇಲ್ಲ ಹಾಜಿ, ಹುಡುಗ ನಮ್ಮೋನು, ಊರಿಗೇ ಬರ್ಲಿ, ಮಕ್ಕಳನ್ನ ನಾವು ನೋಡ್ಕೋತೀವಿ" ಅನ್ನೋಕೆ. ಫುರೈಹ್ ಚಾವಣಿ ನೋಡ್ತಿದ್ದ. ಹಾಯೆಲ್ ಬಟ್ಟಲು ನೋಡ್ತಿದ್ದ. ನನ್ನ ಮೇಲೆ ಅವನ ಕಣ್ಣು ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು. ದಿನಕ್ಕೆ ಹತ್ತು ಸುಳ್ಳು ಸಲೀಸಾಗಿ ಹೇಳೋ ಬಾಯಿ ನಂದು. ಅವತ್ತು ಒಂದೂ ಬರ್ಲಿಲ್ಲ.

"ಆಗ್ಲಿ ಹಾಜಿ" ಅಂದ ಸ್ವೇಲಿಮ್.

"ಹಂಗಾದ್ರೆ ಕುಡೀರಿ" ಅಂದ ಹಾಜಿ. ಹಾಯೆಲ್ ಕುಡಿದ, ಆಮೇಲೆ ನಾವೆಲ್ಲ ಕುಡಿದ್ವಿ. ಒಳಗಿಂದ ಹೆಂಗಸರು ಸಂಭ್ರಮದ ಕೇಕೆ ಹಾಕಿದ್ರು. ದೊಡ್ಡ ತಟ್ಟೇಲಿ ಅನ್ನ, ಮೇಲೆ ಹುಳಿ ಮೊಸರಲ್ಲಿ ಬೇಯಿಸಿದ ಕುರಿ ಬಂತು. ಮಾಂಸ ಬೆಣ್ಣೆ ಹಂಗಿತ್ತು. ಸ್ವೇಲಿಮ್ ಇದ್ದ ತಟ್ಟೆಗೆ ಕೈ ಹಾಕೋರು ಕಡಿಮೆ, ಅದರಲ್ಲಿ ಬೇಜಾನ್ ಮಿಕ್ಕಿತ್ತು. ನಾನು ಅವನ ಎದುರು ಹೋಗಿ ಕೂತು, ಮಾತಾಡದೆ, ಹೊಟ್ಟೆ ಬಿರಿಯೋ ಹಂಗೆ ತಿಂದೆ.