ಒನಕೆಯೇಟು ತಿಂದ ಮಲ್ಲಿಗೆ

ಧಾರವಾಡದ ನಮ್ಮ ಮನೆಯ ಹಿತ್ತಲಿಗೆ ಚೂರೂ ಮಣ್ಣು ಕಾಣದಂತೆ ಫರಸಿ ಕಲ್ಲು ಹಾಸಿದ್ದರು. ಹೀಗಾಗಿ ಗಿಡಗಳೆಲ್ಲ ಡಬ್ಬಿಯಲ್ಲಿ. ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳ ಬಾಯಿ ಕತ್ತರಿಸಿ, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಗುಲಾಬಿ, ಅಬ್ಬಲಿಗೆ, ದುಂಡುಮಲ್ಲಿಗೆ ಬೆಳೆಸುತ್ತಿದ್ದವಳು ನನ್ನ ಕಾಕೂ, ಅಪ್ಪನ ತಮ್ಮನ ಹೆಂಡತಿ. ಮಲ್ಲಿಗೆ ಆಕೆಯ ತವರು ಉಪ್ಪಿನಬೆಟಗೇರಿಯಿಂದ ಮದುವೆಯ ವರ್ಷವೇ ಬಂದದ್ದು. ಮೊದಮೊದಲು ಬೊಗಸೆಗಟ್ಟಲೆ ಹೂ ಬಿಟ್ಟಿತು. ಆಮೇಲೆ ಬರೀ ಎಲೆ.

ಕಾಕೂಗೆ ಮಕ್ಕಳೂ ಆಗಲಿಲ್ಲ. ಅಜ್ಜಿಗೆ ಇವೆರಡೂ ಒಂದೇ ಸುದ್ದಿ.

"ಬಂಜಿ ಕೈಯಾಗ ಹೂವು ಹೆಂಗ ಅರಳ್ತಾವ?" ಎಂದು ಬಂದವರ ಎದುರಿಗೇ ಅನ್ನುತ್ತಿದ್ದಳು.

ಅಜ್ಜಿಯ ನಾಲಿಗೆಗೆ ಎಲುಬಿರಲಿಲ್ಲ. ಕಾಕಾನಿಗೆ ನಾಲಿಗೆಯೇ ಇರಲಿಲ್ಲ, ಕೈ ಮಾತ್ರ ಇತ್ತು. ತಾಯಿ ಚುಚ್ಚಿದ ದಿನ ಆತ ಕೋಣೆಯ ಬಾಗಿಲು ಹಾಕಿ ಕಾಕೂನನ್ನು ಬಡಿಯುತ್ತಿದ್ದ. ಮರುದಿನ ಆಕೆ ಬಾತ ಕೆನ್ನೆ ಹೊತ್ತು ಡಬ್ಬಿಗಳಿಗೆ ನೀರು ಹಾಕುತ್ತಿದ್ದಳು. ಆತನ ನೆನಪಾದರೆ ಇಂದಿಗೂ ನಾನು ಹಲ್ಲು ಕಡಿಯುತ್ತೇನೆ.

ಒಂದು ಸೂರ್ಯಗ್ರಹಣ ಬಂತು. ಕಾಯಿ ಬಿಡದ ಮರಕ್ಕೆ ಗ್ರಹಣದ ಹೊತ್ತಿನಲ್ಲಿ ಒನಕೆಯಿಂದ ಹೊಡೆದರೆ ಅದು ಹೆದರಿ ಫಲ ಕೊಡುತ್ತದೆಂಬುದು ನಮ್ಮವರ ನಂಬಿಕೆ. ಅದು ಮಾವಿನ ಮರದ ಶಾಸ್ತ್ರ. ಡಬ್ಬಿಯೊಳಗಿನ ಬಡಪಾಯಿ ಮಲ್ಲಿಗೆಗೂ ಅದನ್ನೇ ಮಾಡಬೇಕೆಂದು ಹೊಳೆದದ್ದು ನಮ್ಮ ಅಜ್ಜಿಗೇ.

"ಇದೊಂದು ಗ್ರಹಣ ನೋಡೂಣು. ಆಮ್ಯಾಲೂ ಏನೂ ಆಗ್ಲಿಲ್ಲಂದ್ರ ಹುಬ್ಬಳ್ಳಿ ಹುಡುಗೀನ ತರೂದ," ಎಂದಳು. ಕಾಕಾನಿಗೆ ಎರಡನೆಯ ಹೆಣ್ಣು ಆಗಲೇ ನೋಡಿಟ್ಟಿದ್ದರು.

ನಡುಹಗಲು ಮಂಕಾಯಿತು. ಗ್ರಹಣ ಹಿಡಿದದ್ದು, ಬಿಟ್ಟದ್ದು ತಿಳಿಯಲೆಂದು ತಾಟಿನ ನೀರಿನಲ್ಲಿ ನಿಲ್ಲಿಸಿದ್ದ ಒನಕೆಯನ್ನು ಎತ್ತಿಕೊಂಡು ಅಜ್ಜಿ ಹಿತ್ತಲಿಗೆ ಬಂದಳು. ಮೊದಲ ಏಟಿಗೆ ಡಬ್ಬಿ ಒಳಕ್ಕೆ ನೆಗ್ಗಿತು. ಮುಂದಿನದಕ್ಕೆ ಮಲ್ಲಿಗೆಯ ಬುಡ ಸೀಳಿತು. "ಸಾಕ್ರಿ ಅತ್ತಿಯವರ, ಸಾಯ್ತದರಿ!" ಎಂದು ಕಾಕೂ ಅಡ್ಡ ಬಗ್ಗಿದಳು.

"ಗಿಡದ ಕೂಡ ನಿನಗೂ ಬೀಳ್ಲಿ," ಎಂದು ಅಜ್ಜಿ ಆಕೆಯ ಬೆನ್ನಿಗೇ ಹಾಕಿದಳು.

ಕಾಕೂ ಫರಸಿಯ ಮೇಲೆ ಬಿದ್ದಳು. ಅಂಗೈ ತರಚಿ ರಕ್ತ ಬಂತು. ನಾನು ಕಿರುಚಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಕಾಕಾ, ಬೇರೆಯವರ ಮನೆಯ ಜಗಳ ನೋಡುವವನ ಹಾಗೆ ನೋಡುತ್ತಲೇ ಇದ್ದ. ಆಕೆ ಎದ್ದಳು. ಅಜ್ಜಿಯ ಕೈಯಿಂದ ಒನಕೆ ಕಿತ್ತುಕೊಂಡು ಸೀದಾ ಬಾಗಿಲಿಗೆ ನಡೆದಳು.

"ಜೋಡಿ ಗಿಡದಾಗ ಒಂದಕ್ಕ ಹೊಡದ್ರ ಶಾಸ್ತ್ರ ಪೂರಾ ಆಗೂದಿಲ್ರಿ ಅತ್ತಿಯವರ."

ಎಂದವಳೇ ಕಾಕಾನ ಭುಜಕ್ಕೆ ಬೀಸಿದಳು. ಎಲುಬು ಮುರಿದ ಸದ್ದು ನನಗೂ ಕೇಳಿಸಿತು. ಆತ ಹೊಸ್ತಿಲ ಮೇಲೆ ಬಿದ್ದು "ಅವ್ವಾ" ಎಂದು ಕೂಗಿದ. ಸುಳ್ಳೇಕೆ ಹೇಳಲಿ, ನನಗೆ ಕುಣಿಯುವಷ್ಟು ಸಂತೋಷವಾಯಿತು.

ಭುಜ ಕೂಡಿದ ಮೇಲೆ ಹುಬ್ಬಳ್ಳಿಯ ಹುಡುಗಿ ಬಂದೇ ಬಂದಳು. ಕಾಕೂನನ್ನು ತವರಿಗೆ ಅಟ್ಟಲಿಲ್ಲ. ಅಟ್ಟಿದರೆ ಮನೆಗೆಲಸ ಯಾರು ಮಾಡಬೇಕು? ಆದರೆ ಕಾಕಾ ಮತ್ತೆ ಆಕೆಯ ಮೈಮುಟ್ಟಲಿಲ್ಲ. ಆಕೆ ಮುರಿದ ಮಲ್ಲಿಗೆಯನ್ನು ಬುಡದವರೆಗೆ ಕತ್ತರಿಸಿ, ನಜ್ಜಾದ ಡಬ್ಬಿ ಸೀಳಿ ಹೊರತೆಗೆದಳು. ಒಳಗೆ ಬೇರು ಹಗ್ಗದಂತೆ ಸುತ್ತಿಕೊಂಡಿತ್ತು. ಅದಕ್ಕೆ ಉಸಿರಾಡಲೂ ಜಾಗವಿರಲಿಲ್ಲ. ಬೇರು ಕೊಯ್ದು, ಹೊಸ ಮಣ್ಣು ಹಾಕಿ, ಅಗಲ ಬಾಯಿಯ ದೊಡ್ಡ ಹರವಿಗೆ ನೆಟ್ಟಳು. ಬೇಸಿಗೆಗೆ ಮೊಗ್ಗು ಕಟ್ಟಿತು. ಮೊದಲ ಮಾಲೆಯನ್ನು ಹೊಸ ಹುಡುಗಿಗೇ ಮುಡಿಸಿದಳು.

ಆ ಹುಡುಗಿಗೂ ಮಕ್ಕಳಾಗಲಿಲ್ಲ. ಕಾಕಾ ಕೋಣೆಯ ಬಾಗಿಲು ಮತ್ತೆ ಹಾಕತೊಡಗಿದ, ಈಗ ಆಕೆಯ ಪಾಲಿಗೆ. ಕೆಲವು ವರ್ಷಗಳ ಮೇಲೆ ಇನ್ನೊಂದು ಗ್ರಹಣ ಬಂತು. ರೂಢಿಯಂತೆ ಅಜ್ಜಿ ತಾಟಿನಲ್ಲಿ ಒನಕೆ ನಿಲ್ಲಿಸಿದಳು. ಹುಡುಗಿ ಮೂಲೆ ಹಿಡಿದು ಕೂತಿದ್ದಳು. ಕಾಕೂ ಒನಕೆ ತೆಗೆದು, ಸೆರಗಿನಿಂದ ನೀರು ಒರೆಸಿ, ಆಕೆಯ ಕೈಗೆ ಕೊಟ್ಟಳು.

"ಹಿಡ್ಕೋ ತಂಗಿ. ಅವರದು ಇನ್ನೊಂದು ಭುಜ ಹಂಗ ಉಳದದ."

ಗ್ರಹಣ ಬಿಡುವ ಮೊದಲೇ ಕಾಕಾ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ.