ಒಂದು ಅಡಿ ಕೆಳಗಿದ್ದ ರಿಂಗು

ರೋಣದ ನಮ್ಮ ಶಾಲೆಗೆ ಬಾಸ್ಕೆಟ್‌ಬಾಲ್ ಅಂಕಣ ಬಂದ ವರ್ಷವನ್ನು ನೆನೆದರೆ ಇವತ್ತಿಗೂ ನನಗೆ ಬಾಯಿ ತೊಳೆದುಕೊಳ್ಳಬೇಕು ಅನಿಸುತ್ತದೆ. ನಾನು ಅಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ವರ್ಷಗಟ್ಟಲೆ ಖೋಖೋ, ಕಬಡ್ಡಿ ಆಡಿಸಿದವಳು. ಬಾಸ್ಕೆಟ್‌ಬಾಲ್ ಆಡಿದ್ದು ಕಾಲೇಜಿನಲ್ಲಿ ಮಾತ್ರ. ಕಾಂಕ್ರೀಟು ಹಾಕಿ ಎರಡೂ ಕಂಬ ನಿಲ್ಲಿಸಿದ ಸಂಜೆ ಒಬ್ಬಳೇ ಹೋಗಿ, ಚಪ್ಪಲಿ ಕಳಚಿ, ಆ ಹೊಸ ನೆಲದ ಮೇಲೆ ಸುಮ್ಮನೆ ಓಡಾಡಿ ಬಂದಿದ್ದೆ.

ಉದ್ಘಾಟನೆಯ ಹಿಂದಿನ ದಿನ ಆಡಳಿತ ಮಂಡಳಿಯ ಹಿರಿಯರೊಬ್ಬರು ವೆಲ್ಡಿಂಗ್‌ನವನನ್ನು ಕರೆಸಿ ರಿಂಗನ್ನು ಒಂದು ಅಡಿ ಕೆಳಗಿಳಿಸಿದರು. ಬರುವ ಅತಿಥಿಗಳಿಗೆ ವಯಸ್ಸಾಗಿತ್ತು. ಅವರು ಎಸೆದ ಚೆಂಡು ಬುಟ್ಟಿಗೆ ಬಿದ್ದ ಫೋಟೊ ಬೇಕಿತ್ತು. ಒಂದೇ ಕಡೆ ಇಳಿಸಿದರೆ ಎದ್ದು ಕಾಣುತ್ತದೆಂದು ಎರಡೂ ಕಡೆ ಇಳಿಸಿದರು.

“ಹತ್ತು ಫೂಟ ಇರಬೇಕ್ರಿ ಅದು,” ಅಂದೆ.

“ಫಂಕ್ಷನ್ ಮುಗೀಲಿ ಮೇಡಮ್ಮಾರ, ಏರಿಸಿ ಕೊಡಸ್ತೀನಿ. ಒಂದ ದಿನದ್ದು ಅಲ್ಲೇನ್ರಿ,” ಅಂದವರೇ ಹೊಸ ಕಂಬದ ಬುಡಕ್ಕೆ ಗುಟ್ಕಾ ಉಗುಳಿದರು.

ಅತಿಥಿಗಳ ಚೆಂಡು ನಾಲ್ಕನೆಯ ಸಲಕ್ಕೆ ಬಿತ್ತು. ಚಪ್ಪಾಳೆಯಾಯಿತು, ಫೋಟೊ ಆಯಿತು. ರಿಂಗು ಇಳಿಸಿದಲ್ಲೇ ಉಳಿಯಿತು. ನಾನು ಎರಡು ಸಲ ನೆನಪಿಸಿದೆ. ಮೂರನೆಯ ಸಲ ಕೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಮ್ಮ ಹುಡುಗಿಯರ ಚೆಂಡುಗಳು ಸಲೀಸಾಗಿ ಬೀಳತೊಡಗಿದ್ದವು, ಬೇಲಿಯಾಚೆ ನಿಂತು ನೋಡುವವರು ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ರುಚಿಸಿತ್ತು.

ತಂಡದಲ್ಲಿ ಯಾವಗಲ್‌ನಿಂದ ಬರುವ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳಿದ್ದಳು. ಬೆಳಿಗ್ಗೆ ಎಮ್ಮೆ ಹಿಂಡಿ, ಮೊದಲ ಬಸ್ಸಿಗೆ ಬಂದು, ಉಳಿದವರು ಬರುವ ಹೊತ್ತಿಗೆ ಬೆವರಿರುತ್ತಿದ್ದಳು. ಹಿಂಡಿ ಹಿಂಡಿ ಬೆರಳು ಗಟ್ಟಿಯಾಗಿದ್ದವು. ಚೆಂಡು ಅವಳ ಕೈಗೆ ಬಂದರೆ ಕಚ್ಚಿಕೊಂಡಂತೆ ನಿಲ್ಲುತ್ತಿತ್ತು. ಎಡಗೈಯಿಂದ ಚೆಂಡು ಪುಟಿಸಲು ಎಲ್ಲರೂ ಬೇಸರಪಡುತ್ತಾರೆ. ಇವಳು ಒಂದು ತಿಂಗಳು ಊಟದ ಬುತ್ತಿಯನ್ನು ಬಿಚ್ಚುವುದನ್ನೂ ಎಡಗೈಯಲ್ಲೇ ರೂಢಿ ಮಾಡಿಕೊಂಡಳು. ಮೊಣಕಾಲು ಬಾಗಿಸು, ಮೊಣಕೈ ಚೆಂಡಿನ ಕೆಳಗಿರಲಿ, ಮಣಿಕಟ್ಟು ಕೊನೆಗೆ ಬಿಡು ಎಂದು ಒಮ್ಮೆ ಹೇಳಿದರೆ ಎರಡನೆಯ ಸಲ ಹೇಳುವ ಪ್ರಮೇಯ ಬರುತ್ತಿರಲಿಲ್ಲ. ನಾನು ಕಲಿಸಿದ್ದೆಲ್ಲವೂ ಅವಳ ಮೈಗೆ ಹತ್ತಿತು. ಆ ಒಂದು ಅಡಿ ತಪ್ಪೂ ಹತ್ತಿತು.

ಮುಂದೆ ನರಗುಂದದಲ್ಲಿ ಪಂದ್ಯ. ನಮ್ಮವರು ಚೆನ್ನಾಗಿ ಓಡಿದರು, ಚೆಂಡು ಕಸಿದರು, ಪಾಸು ಕೊಟ್ಟರು. ಆದರೆ ಬುಟ್ಟಿಗೆ ಎಸೆದದ್ದೆಲ್ಲ ರಿಂಗಿನ ಮುಂಭಾಗಕ್ಕೆ ತಾಗಿ ಹಿಂದೆ ಬಂತು. ಆ ಹುಡುಗಿ ಹತ್ತಕ್ಕಿಂತ ಹೆಚ್ಚು ಸಲ ಎಸೆದಳು, ಬಿದ್ದದ್ದು ಒಂದು. ಎದುರಾಳಿ ಶಾಲೆಯವರು ನಗತೊಡಗಿದರು. ನಾನು ನೆಲ ನೋಡುತ್ತ ಕೂತೆ.

ವಾಪಸು ಬರುವ ಬಸ್ಸಿನಲ್ಲಿ ಅವಳು ಬಂದು ನನ್ನ ಪಕ್ಕ ಕೂತಳು.

“ಅಕ್ಕೋರ, ಅಲ್ಲಿ ರಿಂಗ್ ಎತ್ತರ ಐತೇನ್ರಿ?”

ಹೌದು ಅನ್ನಬೇಕಿತ್ತು. “ಇಲ್ಲವಾ, ನಿನಗ ಅಂಜಿಕಿ ಆಗಿತ್ತು. ಇನ್ನಷ್ಟು ಮನಸಿಟ್ಟ ಪ್ರ್ಯಾಕ್ಟೀಸ್ ಮಾಡು,” ಅಂದೆ.

ಅವಳು ನಂಬಿದಳು. ಮರುದಿನದಿಂದ ಶಾಲೆಗೆ ಮುಂಚೆ ನೂರು, ಶಾಲೆ ಬಿಟ್ಟ ಮೇಲೆ ನೂರು ಎಸೆಯತೊಡಗಿದಳು, ಅದೇ ತಪ್ಪು ರಿಂಗಿಗೆ. ಬೆರಳ ತುದಿ ಸೀಳಿದರೆ ಬಟ್ಟೆ ಸುತ್ತಿಕೊಂಡು ಎಸೆದಳು. ಎಷ್ಟು ನಿಷ್ಠೆಯಿಂದ ಮಾಡಿದಳೋ ಅಷ್ಟು ಕೆಡುತ್ತಿದ್ದಳು. ಅದನ್ನು ಬಲ್ಲವಳು ನಾನೊಬ್ಬಳೇ, ಶಿಳ್ಳೆ ಕೊರಳಿಗೆ ಹಾಕಿಕೊಂಡು ಎಣಿಸುತ್ತ ನಿಂತಿದ್ದೆ.

ಒಂದು ಮುಂಜಾನೆ ಚೆಂಡು ಉರುಳಿ ಕಂಬದ ಬುಡದ ಉಗುಳಿನೊಳಗೆ ಹೋಯಿತು. ಆ ಹೊತ್ತಿಗೆ ಅಲ್ಲಿ ಕೆಂಪು ಹೆಪ್ಪುಗಟ್ಟಿ ನೊಣ ಮುತ್ತುತ್ತಿದ್ದವು. ಮಂಡಳಿಯವರೆಲ್ಲ ಉಗುಳುವ ಜಾಗ ಅದೇ ಆಗಿತ್ತು. ಅವಳು ಚೆಂಡನ್ನು ತನ್ನ ವೇಲಿಗೆ ಒರೆಸಿ, ವೇಲನ್ನು ಮಡಚಿ ಪಕ್ಕಕ್ಕಿಟ್ಟು, ಮತ್ತೆ ಗೆರೆಯ ಹಿಂದೆ ನಿಂತಳು. ನಾನು ನಳದ ಹತ್ತಿರ ಹೋಗಿ ಕಾರಿಕೊಂಡೆ. ಬಾಯಿ ತೊಳೆದು ಬಂದು ಅವಳ ಕೈಯಿಂದ ಚೆಂಡು ತೆಗೆದುಕೊಂಡೆ.

“ರಿಂಗ್ ಕೆಳಗ ಐತಿ. ಒಂದು ಫೂಟು.”

ಅವಳು ಮೇಲೆ ನೋಡಿದಳು. “ನಿಮಗ ಯಾವಾಗಿಂದ ಗೊತ್ತಿತ್ರಿ?”

“ಮೊದಲ್ನೇ ದಿನದಿಂದ.”

ಅವಳು ಅಳಲಿಲ್ಲ. ವೇಲು ಎತ್ತಿಕೊಂಡು ತರಗತಿಗೆ ಹೋದಳು. ಎಂಟು ದಿನ ಆಟಕ್ಕೆ ಬರಲಿಲ್ಲ.

ಆ ಮಧ್ಯಾಹ್ನವೇ ಹಿರಿಯರ ಅಂಗಡಿಗೆ ಹೋದೆ. ಅವರು ಕಡಲೆ ಚೀಲಗಳ ನಡುವೆ ಕೂತಿದ್ದರು. ತಲೆಯ ಮೇಲೆ ಆ ಉದ್ಘಾಟನೆಯ ಫೋಟೊ, ಕಟ್ಟು ಹಾಕಿಸಿದ್ದು.

“ಹುಡುಗ್ಯಾರಿಗೆ ಕೆಳಗಿದ್ರ ಚಲೋ ಅಲ್ರಿ? ಎರಡ ಹೆಚ್ಚಿಗಿ ಬೀಳ್ತಾವ,” ಅಂದರು. ನಕ್ಕಾಗ ಹಲ್ಲಿನ ಸಂದಿಯೆಲ್ಲ ಕಂದು. “ಅವ್ರೇನ ದೇಶಕ್ಕ ಆಡವ್ರೇನ್ರಿ? ಸರ್ಟಿಫಿಕೇಟ್ ಬಂದ್ರ ಸಾಕು.”

ಅವರ ಮುಖ ನೋಡಲಾಗದೆ ಎದ್ದು ಬಂದೆ. ಅವರಿಗೂ ನನಗೂ ಆಗ ದೊಡ್ಡ ವ್ಯತ್ಯಾಸವಿರಲಿಲ್ಲ ಎಂಬುದೇ ಹೆಚ್ಚು ಹೇಸಿಗೆ ತಂದಿತು. ನಾನೇ ಬಸ್ ನಿಲ್ದಾಣದ ಹತ್ತಿರದ ವೆಲ್ಡಿಂಗ್‌ನವನನ್ನು ಕರೆತಂದೆ. ಟೇಪು ಹಿಡಿದು ಅಳೆಸಿ, ಎರಡೂ ರಿಂಗು ಏರಿಸಿದೆ. ಯಾರ ಪರವಾನಗಿಯನ್ನೂ ಕೇಳಲಿಲ್ಲ. ಮಂಡಳಿಯಿಂದ ನೋಟಿಸು ಬಂತು. ನಡೆದದ್ದನ್ನು ನಡೆದಂತೆ ಉತ್ತರ ಬರೆದುಕೊಟ್ಟೆ. ಮುಂದೆ ಅದರ ಸುದ್ದಿ ಯಾರೂ ಎತ್ತಲಿಲ್ಲ.

ಹುಡುಗಿ ಬಂದಳು. ಮೊದಲು ಟೇಪು ಕೇಳಿ, ಸ್ಟೂಲು ತರಿಸಿ, ತಾನೇ ಅಳೆದಳು. ಆಮೇಲೆ ಎಸೆದಳು. ಒಂದೂ ಬೀಳಲಿಲ್ಲ. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟವೆಂದು ನಾನು ಮುಂದಿನ ನಾಲ್ಕು ತಿಂಗಳಲ್ಲಿ ಅವಳ ಭುಜ ನೋಡಿ ತಿಳಿದೆ. ಎರಡು ಹೆಜ್ಜೆ ದೂರದಿಂದ ಶುರುಮಾಡಿ, ದಿನಕ್ಕಿಷ್ಟು ಹಿಂದೆ ಸರಿಯುತ್ತ ಹೋದಳು. ಚೆಂಡು ಹೆಕ್ಕಿಕೊಡುವ ಕೆಲಸ ನನ್ನದು. ನನ್ನೊಡನೆ ಬೇಕಾದಷ್ಟೇ ಮಾತು.

ಮರುವರ್ಷ ಗಜೇಂದ್ರಗಡದಲ್ಲಿ ಆಡಿದಾಗ ನಾವು ಗೆಲ್ಲಲಿಲ್ಲ, ಆದರೆ ಅವಳು ಎಸೆದವುಗಳಲ್ಲಿ ಅರ್ಧಕ್ಕರ್ಧ ಬಿದ್ದವು. “ಚಲೋ ಆಡಿದಿ,” ಅಂದೆ. ತಲೆಯಾಡಿಸಿ ನೀರು ಕುಡಿಯಲು ಹೋದಳು.

ಈಗ ಗದಗದ ಕಾಲೇಜಿನ ತಂಡದಲ್ಲಿದ್ದಾಳೆ. ಸೂಟಿಗೆ ಊರಿಗೆ ಬಂದಾಗ ಸಣ್ಣ ಹುಡುಗಿಯರಿಗೆ ಕಲಿಸಲು ನಮ್ಮ ಅಂಕಣಕ್ಕೆ ಬರುತ್ತಾಳೆ. ಹೋದ ತಿಂಗಳು ಒಬ್ಬಳು ಚಿಕ್ಕವಳು ಅವಳನ್ನು, “ನಿಮಗ ಯಾರ್ ಕಲಿಸ್ಯಾರ್ರಿ ಅಕ್ಕಾ?” ಎಂದು ಕೇಳಿದಳು. ನಾನು ಅಲ್ಲೇ, ಮೂರು ಮಾರು ದೂರದಲ್ಲಿದ್ದೆ.

“ನಾನ ಕಲ್ತೀನಿ,” ಅಂದಳು. ಅದು ಖರೆಯೇ ಇತ್ತು.