ಮೋಶೆ ಮಾಸ್ತರರ ಮೊಮ್ಮಗಳು ಯಾವ ದೇಶದವಳು?

ಬೀದರಿನ ಮೋಶೆ ಮಾಸ್ತರರು ಮೂವತ್ತೊಂದು ವರ್ಷ ಶಾಲೆಯಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದರು, ಅವರ ಸೀಟಿ ಮಾತ್ರ ನಿವೃತ್ತವಾಗಲಿಲ್ಲ. ಭಾಲ್ಕಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ವಾಲಿಬಾಲ್ ಪಂದ್ಯಾವಳಿಗೆ ಇಂದಿಗೂ ಅವರೇ ರೆಫರಿ. ನೆಟ್ಟಿನ ಎತ್ತರವನ್ನು ಒಮ್ಮೆ ಅಳೆದರೆ ಆಟಗಾರರ ರೇಷನ್ ಕಾರ್ಡನ್ನು ಎರಡು ಸಲ ನೋಡುತ್ತಾರೆ. ಜಿಲ್ಲೆಯವರಿಗಷ್ಟೇ ಪ್ರವೇಶ ಎಂಬುದು ನಿಯಮ. ರಾಜ್ಯದ ಗಡಿಯಂಚಿನ ಔರಾದಿನ ತಂಡಗಳಿಗೆ ಇದೇ ತಲೆನೋವು. ಆ ಕಡೆ ಹೊಲ ಒಂದು ರಾಜ್ಯದಲ್ಲಿ, ಬಾವಿ ಇನ್ನೊಂದರಲ್ಲಿ; ಒಳ್ಳೆಯ ಸ್ಮ್ಯಾಶರ್ ಯಾವಾಗಲೂ ಗಡಿಯಾಚೆ. ನಾನೂ ಒಮ್ಮೆ ಕಾರ್ಡು ಮರೆತು ಬಂದು ಇಡೀ ದಿನ ಕೋರ್ಟಿನ ಹೊರಗೆ ಕೂತವನು. ಆದ್ದರಿಂದ ಇದನ್ನು ಕೊಂಚ ಖುಷಿಯಿಂದಲೇ ಬರೆಯುತ್ತಿದ್ದೇನೆ.

ಇಂಥವರಿಗೆ ಈ ವರ್ಷ ಐರ್ಲೆಂಡಿನಿಂದ ಫೋನು ಬಂತು. ಮಗಳು ಪ್ರಿಸಿಲ್ಲಾ ಅಲ್ಲಿ ನರ್ಸು. ಅವಳ ಮಗಳು ಕ್ರಿಸ್ಟಿನಾಗೆ ಹದಿನೆಂಟು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ರಜೆಗೆ ಬಂದಾಗಲೆಲ್ಲ ಅವಳಿಗೆ ಸರ್ವ್ ಕಲಿಸಿದ್ದು ಅವಳು ಮುತ್ಯಾ ಎಂದು ಕರೆಯುವ ಈ ಅಜ್ಜನೇ. ಈಗ ಅಲ್ಲಿಯ ರಾಷ್ಟ್ರೀಯ ತಂಡ ಅವಳನ್ನು ಕರೆದಿತ್ತು. ಆಡಬೇಕಾದರೆ ಆ ದೇಶದ ಪ್ರಜೆಯಾಗಬೇಕು, ಅರ್ಜಿಗೆ ಜನನ ಪ್ರಮಾಣಪತ್ರದ ಅಸಲು ಪ್ರತಿ ಬೇಕು. ಪ್ರಜೆಯಾದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿಬಿಡಬೇಕು. ಎರಡನ್ನೂ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ.

ಅಸಲು ಪ್ರತಿ ಇದ್ದದ್ದು ಮಾಸ್ತರರ ಟ್ರಂಕಿನಲ್ಲಿ. ಅದಕ್ಕೂ ಅವರೇ ಕಾರಣ. ಆಗಲೇ ನಾಲ್ಕು ವರ್ಷದಿಂದ ಅಲ್ಲಿದ್ದ ಮಗಳನ್ನು, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಹಟ ಹಿಡಿದು, ಏಳು ತಿಂಗಳಾದಾಗ ವಿಮಾನ ಹತ್ತಿಸಿ ಕರೆಸಿಕೊಂಡಿದ್ದರು. ಅಲ್ಲೇ ಹುಟ್ಟಿದ್ದರೆ ಹುಡುಗಿಗೆ ಈ ಅರ್ಜಿಯ ಗೋಳೇ ಇರುತ್ತಿರಲಿಲ್ಲವಂತೆ.

"ಸಿಗವಲ್ದವ್ವಾ, ಹುಡುಕ್ಲತ್ತೇನಿ," ಎಂದು ಮಾಸ್ತರರು ಮಗಳಿಗೆ ಮೂರು ವಾರ ಹೇಳಿದರು. ಕಾಗದ ಟ್ರಂಕಿನಲ್ಲಿ, ಟ್ರಂಕು ಮಂಚದ ಕೆಳಗೆ, ಮಂಚದ ಮೇಲೆ ಮಾಸ್ತರರು. ಹೆಂಡತಿ ಸಲೋಮಿಗೆ ಎಲ್ಲ ಗೊತ್ತಿತ್ತು.

"ಭಾಲ್ಕಿದಾಗ ಮಂದಿ ಕಾಗದ ಕೇಳ್ತೀರಿ, ಮನ್ಯಾಗ ಕಾಗದ ಮುಚ್ಚಿಡ್ತೀರಿ. ಇದಕ್ಕ ಯಾವ ಫೌಲ್ ಅಂತಾರ್ರಿ?"

"ಆಕಿ ನಮ್ಮ ಹುಡುಗಿ. ಮತ್ತೊಬ್ಬರಿಗಿ ಹ್ಯಾಂಗ ಬರ್ದು ಕೊಡ್ಲಿ?" ಎಂದರು ಮಾಸ್ತರರು.

ಅರ್ಜಿಯ ಗಡುವಿಗೆ ಹದಿನೈದು ದಿನ ಉಳಿದಿರುವಾಗ ಭಾಲ್ಕಿಯ ಪಂದ್ಯಾವಳಿ ಬಂತು. ಔರಾದಿನ ತಂಡದ ವೀರಭದ್ರನನ್ನು ಮಾಸ್ತರರು ತಡೆದು ನಿಲ್ಲಿಸಿದರು. ಅವನ ಕಾರ್ಡಿನಲ್ಲಿ ಗಡಿಯಾಚೆಯ ಊರಿತ್ತು.

"ಲಗ್ನ ಆಗಿ ಆರು ವರ್ಷ ಔರಾದದಾಗೇ ಅತ್ತಿ ಮನ್ಯಾಗ ಇದ್ದೇನ್ರಿ ಸರ್," ಎಂದ ವೀರಭದ್ರ. "ಆಟ ಇಲ್ಲೇ ಕಲ್ತೇನಿ. ಆ ಊರಾಗ ನೆಟ್ಟೇ ಇಲ್ರಿ. ನಾ ಎಲ್ಲಿ ಆಡ್ಬೇಕ್ರಿ?"

ಮಾಸ್ತರರು ಸೀಟಿ ಬಾಯಿಗಿಟ್ಟರು, ತೆಗೆದರು. ಕಾರ್ಡನ್ನು ಮೂರನೆಯ ಸಲ ನೋಡಿ ಅವನ ಕೈಗೆ ಕೊಟ್ಟು, "ಹೋಗಪಾ, ಆಡು ಹೋಗು," ಎಂದರು. ಎದುರು ತಂಡ ಗಲಾಟೆ ಎಬ್ಬಿಸಿತು. "ರೆಫರಿ ನಾನೋ, ನೀವೋ?" ಎಂದು ಗದರಿಸಿದರು. ಮೂವತ್ತು ವರ್ಷ ಕಾಯ್ದ ನಿಯಮ ಅವತ್ತು ಅವರ ಕೈಯಲ್ಲೇ ಮುರಿಯಿತು.

ಮರುದಿನ ಗಂಡಹೆಂಡತಿ ಬೀದರಿನ ಅಂಚೆ ಕಚೇರಿಗೆ ಹೋಗಿ ಪ್ರಮಾಣಪತ್ರವನ್ನು ಐರ್ಲೆಂಡಿಗೆ ಕಳಿಸಿದರು. ಮೆಟ್ಟಿಲಿಳಿಯುವಾಗ ಸಲೋಮಿ ಕೇಳಿದರು: "ನಾಳಿ ನಮ್ಮ ದೇಶದ ಎದುರೇ ಆಡಿದಳಂದ್ರ ಯಾರಿಗಿ ಚಪ್ಪಾಳಿ ಹೊಡೀತೀರಿ?"

"ರೆಫರಿ ಆದಂವ ಯಾರಿಗೂ ಚಪ್ಪಾಳಿ ಹೊಡ್ಯಂಗಿಲ್ಲ."

ಸಲೋಮಿ ಗಂಡನ ಮುಖ ನೋಡಿದರು. "ಅಳಬಹುದೇನ್ರಿ?"

ಮಾಸ್ತರರು ಜೇಬಿನಲ್ಲಿ ಕರವಸ್ತ್ರ ತಡಕುತ್ತ, ನಿಯಮದ ಪುಸ್ತಕ ನೋಡಿ ಹೇಳುತ್ತೇನೆಂದರು.